ನುಡಿ ಕಾಲದ ಕಡತಗಳನ್ನು ಯೂನಿಕೋಡ್‌ಗೆ ತರುವುದು: ನನ್ನ ಅನುಭವ

ಕೃತಕ ಬುದ್ಧಿಮತ್ತೆಯ ಸುದ್ದಿ ಬಂದಾಗಲೆಲ್ಲ ಕನ್ನಡದಲ್ಲಿ ಪಠ್ಯವೇ ಕಡಿಮೆ ಎಂಬ ಮಾತು ಕೇಳಿಬರುತ್ತದೆ. ನನ್ನ ಪ್ರಕಾರ ಅದು ಅರ್ಧ ಸತ್ಯ. ಕಚೇರಿಗಳು, ಡಿಟಿಪಿ ಅಂಗಡಿಗಳು, ಪ್ರಕಾಶಕರು ವರ್ಷಾನುಗಟ್ಟಲೆ ಟೈಪ್ ಮಾಡಿಸಿದ ಪುಟಗಳು ಹಾರ್ಡ್ ಡಿಸ್ಕ್, ಸಿಡಿಗಳಲ್ಲಿ ರಾಶಿ ಬಿದ್ದಿವೆ. ಆದರೆ ಅವೆಲ್ಲ ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಆಸ್ಕಿ (ಇಂಗ್ಲಿಷ್ ಮತ್ತಿತರ ಯುರೋಪಿಯನ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ತೊಡಿಸಿದ) ಫಾಂಟ್‌ಗಳಲ್ಲಿವೆ. ಆ ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ನಮ್ಮ ಕಣ್ಣಿಗೆ ಅದು ಕನ್ನಡ. ಗೂಗಲ್‌ಗೆ, ಅನುವಾದದ ತಂತ್ರಾಂಶಕ್ಕೆ, ಕಣ್ಣು ಕಾಣದವರಿಗೆ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅದು ಗೀಟು ಚುಕ್ಕಿಗಳಿರುವ ಯುರೋಪಿಯನ್ ಅಕ್ಷರಗಳ ಸಾಲು, ಅಷ್ಟೆ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ತುಂಗಾ ಎಂಬ ಯೂನಿಕೋಡ್ ಕನ್ನಡ ಫಾಂಟ್ ಇತ್ತು. ಹೊಸದನ್ನು ಯೂನಿಕೋಡ್‌ನಲ್ಲಿ ಬರೆದರೆ ಸಾಲದು, ಹಳೆಯದನ್ನೂ ತರಬೇಕು. ನಾನು ಅದನ್ನು ಮಾಡುವ ಕ್ರಮ ಇಲ್ಲಿದೆ.

ಮೊದಲಿಗೆ ಕಡತದ ಒಳಗೆ ಏನಿದೆ ಎಂದು ನೋಡೋಣ. ನುಡಿಯಲ್ಲಿ ಟೈಪ್ ಮಾಡಿದ ‘ಕನ್ನಡ’ ಪದಕ್ಕೆ ಟೈಮ್ಸ್ ನ್ಯೂ ರೋಮನ್ ಫಾಂಟ್ ಹಾಕಿ. ದೊಡ್ಡ ಪಿ, ತಲೆಯ ಮೇಲೆ ಓರೆಗೀಟಿರುವ ಎ, ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಎಸ್‌ಸೆಟ್ (ß), ಚಿಕ್ಕ ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ ಕಾಣುತ್ತವೆ. ಒಟ್ಟು ಏಳು ಸಂಕೇತಗಳು. ಗೀಟಿನ ಎ ಅಂದರೆ ತಲೆಕಟ್ಟು, ಎಸ್‌ಸೆಟ್ ಅಂದರೆ ನ ಒತ್ತು. ಅದೇ ಪದ ಯೂನಿಕೋಡ್‌ನಲ್ಲಿ ಐದೇ ಸಂಕೇತ: ಕ, ನ, ವಿರಾಮ (ಅಕ್ಷರದ ಅಕಾರ ತೆಗೆದು ಅರ್ಧ ಮಾಡುವ ಗುರುತು), ನ, ಡ. ತಲೆಕಟ್ಟಿಗೆ ಅಲ್ಲಿ ಪ್ರತ್ಯೇಕ ಸಂಕೇತವೇ ಇಲ್ಲ. ಆಸ್ಕಿಯಲ್ಲಿ ಇರುವುದು ಕಣ್ಣಿಗೆ ಕಾಣುವ ತುಂಡುಗಳ ಕ್ರಮ, ಯೂನಿಕೋಡ್‌ನಲ್ಲಿ ಇರುವುದು ಬಾಯಲ್ಲಿ ಉಚ್ಚರಿಸುವ ಕ್ರಮ. ಇದೊಂದನ್ನು ಹಿಡಿದುಕೊಂಡರೆ ಪರಿವರ್ತನೆಯಲ್ಲಿ ಬರುವ ದೋಷಗಳ ಬಹುಪಾಲು ಕಾರಣ ತಿಳಿಯುತ್ತದೆ. ಪಟ್ಟಿ ಮಾಡಿಕೊಂಡು ಒಂದಕ್ಕೊಂದು ಬದಲಿಸುತ್ತಾ ಹೋದರೆ ಆಗುವ ಕೆಲಸ ಇದಲ್ಲ.

ಉದಾಹರಣೆಗೆ ‘ಮ’. ಆಸ್ಕಿಯಲ್ಲಿ ಅದಕ್ಕೆ ಸ್ವಂತ ಆಕಾರವಿಲ್ಲ. ವ, ತಲೆಕಟ್ಟು, ಕೊಂಬು ಸೇರಿದರೆ ಮ. ಹಾಗಾದರೆ ‘ವು’ ಹೇಗೆ? ಅದಕ್ಕೆ ಬೇರೆ ಸಂಕೇತದ ಇನ್ನೊಂದು ಕೊಂಬು. ‘ಪು’ವಿಗೂ ಆ ಎರಡನೆಯ ಕೊಂಬೇ. ‘ಯ’ ಇನ್ನೂ ವಿಚಿತ್ರ: ಅದರ ಮೊದಲ ತುಂಡು ಅನುಸ್ವಾರದ ಸೊನ್ನೆ, ಆಮೇಲೆ ಚಿಕ್ಕ ಐ, ತಲೆಕಟ್ಟು, ಕೊಂಬು. ‘ಝ’ ಶುರುವಾಗುವುದೇ ರ ಸಂಕೇತದಿಂದ. ಧ, ಢ, ಫ, ಭ ಇವು ದ, ಡ, ಪ, ಬಗಳ ತುಂಡಿಗೆ ಚಿಕ್ಕ ಎಸ್ ಸೇರಿಸಿ ಆದವು. ಆ ಎಸ್ ಮಹಾಪ್ರಾಣದ ಕೆಳಗೀಟು. ಆದ್ದರಿಂದ ಪಟ್ಟಿಯಲ್ಲಿ ಉದ್ದದ ಜೋಡಣೆಯನ್ನು ಮೊದಲು ಹುಡುಕಬೇಕು, ಚಿಕ್ಕದನ್ನು ಕೊನೆಗೆ. ಕ್ರಮ ತಪ್ಪಿದರೆ ಯ ಇದ್ದಲ್ಲೆಲ್ಲ ಸೊನ್ನೆ ಬರುತ್ತದೆ, ಮ ಇದ್ದಲ್ಲೆಲ್ಲ ‘ವು’ ಬರುತ್ತದೆ. ಪರಿವರ್ತಿತ ಪುಟದಲ್ಲಿ ‘ಮನೆ’ ಬದಲು ‘ವುನೆ’ ಕಂಡರೆ ಕಾರಣ ಇದೇ.

ಇನ್ನು ಜಾಗ ಬದಲಿಸಬೇಕಾದವು. ‘ಬೆಣ್ಣೆ’ ಪದದಲ್ಲಿ ಆಸ್ಕಿ ಕಡತ ಮೊದಲು ‘ಣೆ’ ಬರೆದು ಆಮೇಲೆ ಣ ಒತ್ತನ್ನು ಇಡುತ್ತದೆ. ಯೂನಿಕೋಡ್‌ನಲ್ಲಿ ಎತ್ವ ಒತ್ತಿನ ನಂತರ ಬರಬೇಕು. ಅರ್ಕಾವತ್ತು ಇದಕ್ಕೆ ತದ್ವಿರುದ್ಧ. ‘ಕರ್ನಾಟಕ’ದಲ್ಲಿ ಆಸ್ಕಿ ‘ನಾ’ ಬರೆದ ಮೇಲೆ ಅರ್ಕಾವತ್ತು ಇಡುತ್ತದೆ. ನಾವು ಆ ‘ರ್’ ಅನ್ನು ದೀರ್ಘವನ್ನೂ ನಕಾರವನ್ನೂ ದಾಟಿಸಿ ಹಿಂದಕ್ಕೆ ಒಯ್ಯಬೇಕು. ‘ಅರ್ಘ್ಯ’, ‘ಮರ್ತ್ಯ’ದಂಥ ಪದಗಳಲ್ಲಿ ಒತ್ತೂ ಇದೆ, ಅರ್ಕಾವತ್ತೂ ಇದೆ. ಅಲ್ಲಿ ಇಡೀ ಗುಣಿತದ ಆರಂಭಕ್ಕೆ ಹೋಗಬೇಕು, ಒಂದು ಸಂಕೇತ ಹಿಂದಕ್ಕೆ ಹೋಗಿ ನಿಂತರೆ ಸಾಲದು. ಇದಕ್ಕೆಂದು ಬರೆದುಕೊಂಡ ನನ್ನ ಪುಟ್ಟ ಪ್ರೋಗ್ರಾಮ್‌ನಲ್ಲಿ ಮೊದಲು ಪದವನ್ನು ಗುಣಿತಗಳಾಗಿ ಒಡೆಯುತ್ತೇನೆ: ಮೂಲ ವ್ಯಂಜನ, ಒತ್ತುಗಳು, ಸ್ವರಚಿಹ್ನೆ, ಅರ್ಕಾವತ್ತು ಇದೆಯೋ ಇಲ್ಲವೋ. ಆಮೇಲೆ ಅರ್ಕಾವತ್ತು, ವ್ಯಂಜನ, ಒತ್ತುಗಳು, ಸ್ವರ ಎಂಬ ಕ್ರಮದಲ್ಲಿ ಮತ್ತೆ ಜೋಡಿಸುತ್ತೇನೆ. ಹೀಗೆ ಮಾಡಿದರೆ ಪ್ರತಿ ವಿಶೇಷ ಪದಕ್ಕೂ ಬೇರೆ ನಿಯಮ ಬರೆಯುವ ಗೋಜಿಲ್ಲ.

ಸದ್ದಿಲ್ಲದೆ ಕೆಡುವ ಜಾಗ ‘ರ‍್ಯಾಂಕ್’. ಆಸ್ಕಿಯಲ್ಲಿ ಇದು ‘ರಾ’ ಮತ್ತು ಯ ಒತ್ತು. ‘ಕಾರ್ಯ’ದಲ್ಲಿ ಇರುವುದು ಯ ಮತ್ತು ಅರ್ಕಾವತ್ತು. ಎರಡರ ವ್ಯತ್ಯಾಸ ಮೂಲ ಕಡತದಲ್ಲಿ ಸ್ಪಷ್ಟವಾಗಿಯೇ ಇದೆ. ಯೂನಿಕೋಡ್‌ಗೆ ಬರುವಾಗ ಎರಡನ್ನೂ ರ, ವಿರಾಮ, ಯ ಎಂದು ಬರೆದುಬಿಟ್ಟರೆ ‘ರ್ಯಾಂಕ್’ ಎಂದು ಅರ್ಕಾವತ್ತಿನೊಂದಿಗೆ ಕಾಣುತ್ತದೆ. ರ ಆದ ಕೂಡಲೇ, ವಿರಾಮಕ್ಕಿಂತ ಮುಂಚೆ, ಝಡ್‌ಡಬ್ಲ್ಯೂಜೆ ಎಂಬ ಕಾಣದ ಸಂಕೇತ ಹಾಕಬೇಕು. ಅದರ ಸಂಖ್ಯೆ 200ಡಿ. ಇದರ ಜೊತೆಗಾರ ಝಡ್‌ಡಬ್ಲ್ಯೂಎನ್‌ಜೆ, ಸಂಖ್ಯೆ 200ಸಿ, ಬೇಕಾಗುವುದು ‘ರಾಜ್‌ಕುಮಾರ್’, ‘ಸಾಫ್ಟ್‌ವೇರ್’ನಂಥ ಕಡೆ. ಆಸ್ಕಿಯಲ್ಲಿ ಅರ್ಧಾಕ್ಷರದ ಕೊಕ್ಕೆಗೆ ಬೇರೆಯೇ ಸಂಕೇತ ಇರುವುದರಿಂದ, ಅದಾದ ಕೂಡಲೇ ಇನ್ನೊಂದು ವ್ಯಂಜನ ಬಂದರೆ ನಡುವೆ 200ಸಿ ಇಡು ಎಂದು ನಿಯಮ ಬರೆದರೆ ಸಾಕು. ಇಲ್ಲದಿದ್ದರೆ ‘ರಾಜ್ಕುಮಾರ್’ ಆಗುತ್ತದೆ. ಯಾವುದೇ ಪರಿವರ್ತಕವನ್ನು ನಂಬುವ ಮುಂಚೆ ನಾನು ಕೊಡುವ ಪರೀಕ್ಷೆಯ ಪದಗಳು: ಕಾರ್ಯ, ರ‍್ಯಾಂಕ್, ಅರ್ಘ್ಯ, ಬೆಣ್ಣೆ, ಮೊಮ್ಮಗ, ಝರಿ, ಪುಟವು, ರಾಜ್‌ಕುಮಾರ್. ಇವು ಸರಿಯಾಗಿ ಬಂದರೆ ಉಳಿದದ್ದು ಸಾಮಾನ್ಯವಾಗಿ ಸರಿ ಬರುತ್ತದೆ.

ಪರಿವರ್ತಕವನ್ನು ಮೊದಲಿನಿಂದ ಬರೆಯಲೇಬೇಕೆಂದಿಲ್ಲ. ಅರವಿಂದ ವಿ.ಕೆ. ಅವರ ಮುಕ್ತ ಆಕರದ ಆಸ್ಕಿ-ಯೂನಿಕೋಡ್ ಪರಿವರ್ತಕ ಇದೆ, ಬರಹದಲ್ಲೂ ಪರಿವರ್ತನೆಯ ಸೌಲಭ್ಯ ಇದೆ. ಒಂದೆರಡು ಪುಟಕ್ಕೆ ಅವು ಸಾಕು. ನೂರಾರು ವರ್ಡ್ ಕಡತಗಳಿದ್ದು, ನಡುವೆ ಇಂಗ್ಲಿಷ್ ಸಾಲು, ಕೋಷ್ಟಕ, ಅಡಿಟಿಪ್ಪಣಿ ಬೆರೆತಿದ್ದರೆ ಕತ್ತರಿಸಿ ಅಂಟಿಸುವ ದಾರಿ ಆಗುವುದಿಲ್ಲ. ಇಂಗ್ಲಿಷ್ ಭಾಗವನ್ನೂ ಪರಿವರ್ತಕ ನುಡಿ ಎಂದೇ ತಿಳಿಯುತ್ತದೆ. ದೊಡ್ಡ ಎ ಇದ್ದಲ್ಲಿ ಅನುಸ್ವಾರ ಬರುತ್ತದೆ, ಇಮೇಲ್ ವಿಳಾಸ ಅರ್ಥವಿಲ್ಲದ ಕನ್ನಡವಾಗುತ್ತದೆ.

ಇದಕ್ಕೆ ಪರಿಹಾರ ಕಡತದಲ್ಲೇ ಇದೆ: ಯಾವ ತುಂಡಿಗೆ ಯಾವ ಫಾಂಟ್ ಎಂದು ವರ್ಡ್ ಬರೆದಿಟ್ಟಿರುತ್ತದೆ. ಹಳೆಯ ಡಾಕ್ ಕಡತಗಳನ್ನು ಲಿಬ್ರೆಆಫೀಸ್‌ನ ಹೆಡ್‌ಲೆಸ್ (ಕಿಟಕಿ ತೆರೆಯದೆ ನಡೆಯುವ) ಆದೇಶದಿಂದ ಒಟ್ಟಿಗೆ ಡಾಕ್ಸ್‌ಗೆ ಬದಲಿಸುತ್ತೇನೆ. ಡಾಕ್ಸ್ ಎಂದರೆ ಜಿಪ್ ಮಾಡಿದ ಎಕ್ಸ್‌ಎಂಎಲ್, ಅಂದರೆ ಗುರುತುಪಟ್ಟಿ ಹಚ್ಚಿದ ಪಠ್ಯ. ಪೈಥಾನ್-ಡಾಕ್ಸ್ ಲೈಬ್ರರಿಯಿಂದ ಒಂದೊಂದು ರನ್ನನ್ನೂ (ಒಂದೇ ಫಾಂಟ್, ರೂಪ ಇರುವ ತುಂಡನ್ನೂ) ತೆರೆದು, ಫಾಂಟ್ ಹೆಸರು ನುಡಿ ಅಥವಾ (ಬರಹದ ಫಾಂಟ್ ಆದರೆ) ಬಿಆರ್‌ಎಚ್ ಎಂದು ಶುರುವಾದರೆ ಮಾತ್ರ ಪರಿವರ್ತಿಸುತ್ತೇನೆ. ರನ್‌ನಲ್ಲಿ ಫಾಂಟ್ ಹೆಸರು ಇಲ್ಲದಿದ್ದರೆ ಪ್ಯಾರಾದ ಸ್ಟೈಲ್‌ನಲ್ಲಿ, ಅಲ್ಲೂ ಇಲ್ಲದಿದ್ದರೆ ಕಡತದ ಡಿಫಾಲ್ಟ್ ಸ್ಟೈಲ್‌ನಲ್ಲಿ ಹುಡುಕಬೇಕು.

ಇಲ್ಲೊಂದು ಸೂಕ್ಷ್ಮವಿದೆ. ವರ್ಡ್ ಒಂದೇ ಪದವನ್ನು ಎರಡು ಮೂರು ರನ್‌ಗಳಾಗಿ ಒಡೆದಿಟ್ಟಿರುತ್ತದೆ. ನಡುವೆ ತಿದ್ದಿದ್ದರೆ, ಕಾಗುಣಿತ ಪರೀಕ್ಷೆ ಗುರುತು ಹಾಕಿದ್ದರೆ ಹೀಗಾಗುತ್ತದೆ. ‘ನಾ’ ಒಂದು ರನ್‌ನಲ್ಲಿ, ಅದರ ಅರ್ಕಾವತ್ತು ಮುಂದಿನ ರನ್‌ನಲ್ಲಿ ಸಿಕ್ಕರೆ ಯಾವ ನಿಯಮವೂ ಕೆಲಸಕ್ಕೆ ಬಾರದು. ಆದ್ದರಿಂದ ಒಂದೇ ರೂಪದ ಅಕ್ಕಪಕ್ಕದ ರನ್‌ಗಳನ್ನು ಮೊದಲು ಕೂಡಿಸಿ, ಆಮೇಲೆ ಪರಿವರ್ತಿಸಬೇಕು. ಪದದ ಅರ್ಧ ಮಾತ್ರ ದಪ್ಪಕ್ಷರದಲ್ಲಿದ್ದರೆ ಅದನ್ನು ಕೈಯಲ್ಲೇ ನೋಡಬೇಕು.

ಪರಿವರ್ತನೆಯಾದ ಮೇಲೆ ಕಡತ ತೆರೆದರೆ ಅಕ್ಷರಗಳ ಗಾತ್ರ ಬದಲಾಗಿ, ದಪ್ಪಕ್ಷರ ಮಾಯವಾಗಿರುತ್ತದೆ. ವರ್ಡ್ ಕನ್ನಡವನ್ನು ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎಂದು ಎಣಿಸುತ್ತದೆ. ಅಂಥ ಲಿಪಿಗಳಿಗೆ ಫಾಂಟ್ ಹೆಸರು, ಗಾತ್ರ, ದಪ್ಪ ಎಲ್ಲಕ್ಕೂ ಎಕ್ಸ್‌ಎಂಎಲ್‌ನಲ್ಲಿ ಪ್ರತ್ಯೇಕ ಗುಣಗಳಿವೆ, ಹೆಸರಿನಲ್ಲಿ ಸಿಎಸ್ ಇರುವಂಥವು. ಆಸ್ಕಿ ಕಡತದಲ್ಲಿ ಇದ್ದದ್ದು ಲ್ಯಾಟಿನ್ ಗುಣಗಳು ಮಾತ್ರ. ಅವುಗಳ ಬೆಲೆಯನ್ನು ಸಿಎಸ್ ಗುಣಗಳಿಗೂ ನಕಲಿಸಿದರೆ ಸರಿಹೋಗುತ್ತದೆ. ಫಾಂಟ್ ನೋಟೊ ಸೆರಿಫ್ ಕನ್ನಡ ಇಡುತ್ತೇನೆ. ಸಾಲುಗಳ ಎತ್ತರ ಬದಲಾಗುವುದರಿಂದ ಪುಟಸಂಖ್ಯೆ ಹೊಂದುವುದಿಲ್ಲ. ಪರಿವಿಡಿ, ಪದಸೂಚಿ ಕೈಯಲ್ಲಿ ಟೈಪ್ ಮಾಡಿದ್ದರೆ ಮತ್ತೆ ಮಾಡಬೇಕು.

ಬರಿಯ ಟೆಕ್ಸ್ಟ್ ಕಡತವಾದರೆ ವಿಂಡೋಸ್-1252 ಎನ್‌ಕೋಡಿಂಗ್ (ಬೈಟ್‌ಗಳನ್ನು ಅಕ್ಷರವಾಗಿ ಓದುವ ಪದ್ಧತಿ) ಎಂದು ಸ್ಪಷ್ಟವಾಗಿ ಹೇಳಿ ತೆರೆಯಿರಿ. ಯೂನಿಕೋಡ್‌ನ ಯುಟಿಎಫ್-8 ಎಂದು ತೆರೆದರೆ ಎಡಿಟರ್ ತನಗೆ ತಿಳಿಯದ ಬೈಟ್‌ಗಳ ಜಾಗದಲ್ಲಿ ಪ್ರಶ್ನಾರ್ಥಕದ ಗುರುತು ಇಡುತ್ತದೆ. ಹಾಗೇ ಸೇವ್ ಮಾಡಿದರೆ ಮೂಲ ಹೋಯಿತು, ಮರಳಿ ಪಡೆಯುವ ದಾರಿ ಇಲ್ಲ. ಮೂಲ ಕಡತಗಳನ್ನು ಓದಲು ಮಾತ್ರ ಅನುಮತಿಯಿರುವ ಫೋಲ್ಡರ್‌ನಲ್ಲಿಟ್ಟು ಪ್ರತಿಯ ಮೇಲೆ ಕೆಲಸ ಮಾಡುವುದು ಇದಕ್ಕಾಗಿಯೇ. ಟೈಪ್ ಮಾಡುವಾಗ ವರ್ಡ್‌ನ ಆಟೋಕರೆಕ್ಟ್ ಚಾಲ್ತಿಯಲ್ಲಿದ್ದ ಕಡತಗಳೂ ಇವೆ. ವಾಕ್ಯದ ಮೊದಲ ಅಕ್ಷರವನ್ನು ಅದು ದೊಡ್ಡದು ಮಾಡಿರುತ್ತದೆ. ಆಸ್ಕಿಯಲ್ಲಿ ದೊಡ್ಡದು, ಚಿಕ್ಕದು ಬೇರೆ ಬೇರೆ ಕನ್ನಡ ಅಕ್ಷರ. ವಾಕ್ಯದ ಆರಂಭದಲ್ಲೇ ತಪ್ಪುಗಳು ಗುಂಪಾಗಿ ಕಂಡರೆ ಅಲ್ಲಿ ನೋಡಿ.

ಕೊನೆಯ ಹಂತಗಳಲ್ಲಿ ಯಾರೂ ಬಿಡಬಾರದ್ದು ನಾರ್ಮಲೈಸೇಷನ್, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ಸಂಕೇತರೂಪಗಳನ್ನು ಒಂದಕ್ಕೆ ತರುವುದು. ‘ಕೀ’ ಎಂಬುದನ್ನು ಕ, ಈತ್ವ ಎಂದೂ ಬರೆಯಬಹುದು, ಕ, ಗುಡಿಸು, ದೀರ್ಘದ ಗುರುತು ಎಂದೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಆಸ್ಕಿಯಲ್ಲಿ ದೀರ್ಘ ಪ್ರತ್ಯೇಕ ತುಂಡಾಗಿರುವುದರಿಂದ ಸೋಮಾರಿ ಪರಿವರ್ತಕಗಳು ಎರಡನೆಯ ರೂಪವನ್ನೇ ಕೊಡುತ್ತವೆ. ಆಮೇಲೆ ‘ಕೀಲಿ’ ಎಂದು ಹುಡುಕಿದರೆ ಕಣ್ಣೆದುರೇ ಇರುವ ಪದ ಸಿಗುವುದಿಲ್ಲ. ಏತ್ವ, ಐತ್ವ, ಒತ್ವ, ಓತ್ವಗಳಿಗೂ ಇದೇ ಕಥೆ. ಪೈಥಾನ್‌ನ ಯೂನಿಕೋಡ್‌ಡೇಟಾದಲ್ಲಿ ಎನ್‌ಎಫ್‌ಸಿ (ಕೂಡಿಸಿದ) ರೂಪಕ್ಕೆ ತರುವ ಒಂದು ಸಾಲಿನ ಆದೇಶ ಇದನ್ನೆಲ್ಲ ಸರಿಮಾಡುತ್ತದೆ.

ಆಮೇಲೆ ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂಬ ಹುಡುಕು ಮಾದರಿಗಳಿಂದ ಅಸಾಧ್ಯ ಜೋಡಣೆಗಳನ್ನು ಹುಡುಕುತ್ತೇನೆ: ಪದದ ಆರಂಭದಲ್ಲೇ ಸ್ವರಚಿಹ್ನೆ, ಎರಡು ಸ್ವರಚಿಹ್ನೆ ಅಕ್ಕಪಕ್ಕ, ವಿರಾಮ ಆದ ಕೂಡಲೇ ಸ್ವರಚಿಹ್ನೆ, ಒಂಟಿಯಾಗಿ ಉಳಿದ ದೀರ್ಘದ ಗುರುತು, ಕನ್ನಡದ ನಡುವೆ ಉಳಿದ ಗೀಟಿನ ಲ್ಯಾಟಿನ್ ಅಕ್ಷರ. ಅನುಸ್ವಾರದ ಬದಲು ಸೊನ್ನೆ ಅಂಕಿ ಒತ್ತುವ ಅಭ್ಯಾಸ ಅನೇಕ ಟೈಪಿಸ್ಟರಿಗೆ ಇತ್ತು. ಎರಡು ಕನ್ನಡ ಅಕ್ಷರಗಳ ನಡುವೆ ಸೊನ್ನೆ ಅಂಕಿ ಕಂಡರೆ, ಅದು ಕನ್ನಡದ್ದಾಗಲಿ ಇಂಗ್ಲಿಷಿನದ್ದಾಗಲಿ, ಅನುಸ್ವಾರ ಮಾಡಿ. ಕಡೆಗೆ ಎಲ್ಲ ಪದಗಳನ್ನೂ ಎಣಿಸಿ, ಒಂದೇ ಒಂದು ಸಲ ಬಂದಿರುವ ಪದಗಳ ಪಟ್ಟಿ ತೆಗೆದು ಓದುತ್ತೇನೆ. ತಪ್ಪುಗಳು ಹೆಚ್ಚಾಗಿ ಅಲ್ಲೇ ಸಿಗುತ್ತವೆ, ಇಡೀ ಪುಸ್ತಕ ಓದುವುದಕ್ಕಿಂತ ಇದು ಬೇಗ.

ಪಿಡಿಎಫ್ ಮಾತ್ರ ಉಳಿದಿದ್ದರೆ ಮೊದಲು ಅದರಿಂದ ಒಂದು ಸಾಲು ನಕಲಿಸಿ ನೋಡಿ. ಮೇಲೆ ಹೇಳಿದ ಪಿ, ಗೀಟಿನ ಎ, ಪೌಂಡ್ ಚಿಹ್ನೆಯ ಸಾಲು ಬಂದರೆ ಅದೃಷ್ಟ, ಅದನ್ನೇ ಪರಿವರ್ತಿಸಬಹುದು. ಖಾಲಿ ಚೌಕ ಬಂದರೆ ಒಸಿಆರ್, ಅಂದರೆ ಚಿತ್ರದಿಂದ ಅಕ್ಷರ ಗುರುತಿಸುವುದು, ಒಂದೇ ದಾರಿ: 300 ಡಿಪಿಐನಲ್ಲಿ ಚಿತ್ರ ತೆಗೆದು ಟೆಸೆರಾಕ್ಟ್ ಎಂಬ ಒಸಿಆರ್ ತಂತ್ರಾಂಶದ ಕನ್ನಡ ಮಾದರಿಗೆ ಕೊಡಬೇಕು. ಒತ್ತಕ್ಷರಗಳನ್ನು ಆಮೇಲೆ ಕೈಯಲ್ಲಿ ತಿದ್ದಲೇಬೇಕು.

ಶ್ರೀಲಿಪಿ, ಪ್ರಕಾಶಕ್‌ನಂಥ ಬೇರೆ ತಂತ್ರಾಂಶಗಳ ಕಡತಗಳಿಗೆ ನುಡಿಯ ಪಟ್ಟಿ ನಡೆಯುವುದಿಲ್ಲ, ಅವುಗಳ ಸಂಕೇತಗಳೇ ಬೇರೆ. ಒಂದು ಪುಟದ ಮುದ್ರಿತ ಪ್ರತಿ ಎದುರಿಗಿಟ್ಟುಕೊಂಡು ಪಟ್ಟಿಯನ್ನು ನಾವೇ ಕಟ್ಟಬೇಕು. ಜೋಡಿಸುವ ನಿಯಮಗಳು ಮಾತ್ರ ಹಾಗೆಯೇ ಬಳಕೆಗೆ ಬರುತ್ತವೆ. ಪುಟ ಕಟ್ಟುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ ಯೂನಿಕೋಡ್ ಕನ್ನಡ ಕೂರುವುದಿಲ್ಲ ಎಂಬ ಕಾರಣಕ್ಕೆ ಈಗಲೂ ಆಸ್ಕಿಯಲ್ಲೇ ಹೊಸ ಪುಸ್ತಕ ಕಟ್ಟುವ ಮುದ್ರಣಾಲಯಗಳಿವೆ. ಇದು ನಿಲ್ಲಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ, ಯಾಕೆಂದರೆ ಬದಲಿ ವ್ಯವಸ್ಥೆ ಈಗಾಗಲೇ ಇದೆ. ಅದೇ ಕೆಲಸದ ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಫಲಕದ ಮೆನುವಿನಿಂದ ವರ್ಲ್ಡ್-ರೆಡಿ ಕಂಪೋಸರ್ ಆರಿಸಿದರೆ ಒತ್ತುಗಳು ಸರಿಯಾಗಿ ಕೂರುತ್ತವೆ, ಆರಿಸದಿದ್ದರೆ ಒಡೆದು ಬೀಳುತ್ತವೆ. ಹಣ ಕೊಡಲಾಗದವರಿಗೆ ಸ್ಕ್ರೈಬಸ್ 1.6 ಎಂಬ ಉಚಿತ ತಂತ್ರಾಂಶ ಇದೆ. ಟೈಪ್ ಮಾಡುವವರು ಕೈ ಬದಲಿಸಬೇಕಿಲ್ಲ: ಕೆ.ಪಿ. ರಾವ್ ಅವರ ವಿನ್ಯಾಸದ ಅದೇ ಕೀಲಿಮಣೆಯಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರೆ ಯೂನಿಕೋಡ್‌ನಲ್ಲೂ ‘ಕನ್ನಡ’ ಎಂದೇ ಬರುತ್ತದೆ. ಲಿನಕ್ಸ್‌ನಲ್ಲಿ ಅದು ಕಗಪ ಎಂಬ ಹೆಸರಿನಲ್ಲಿ ಸಿಗುತ್ತದೆ.