ಒತ್ತಕ್ಷರ ಬರೆಸುವ ಮುನ್ನ ಮಗುವಿನ ಕಿವಿಯನ್ನು ಸಜ್ಜುಗೊಳಿಸುವುದು

ಎರಡನೇ ತರಗತಿಯ ಮಗು ‘ಕತ್ತೆ’ ಎಂಬಲ್ಲಿ ‘ಕತೆ’ ಎಂದು ಬರೆದರೆ ನಾವು ಕೆಂಪು ಶಾಯಿಯಲ್ಲಿ ತಿದ್ದಿ, ಹತ್ತು ಸಲ ಬರೆದುಕೊಂಡು ಬಾ ಎನ್ನುತ್ತೇವೆ. ಅನೇಕ ಸಲ ತೊಡಕಿರುವುದು ಕೇಳುವಿಕೆಯಲ್ಲಿ: ಮಾತಾಡುವಾಗ ಸಲೀಸಾಗಿ ಬರುವ ಒತ್ತನ್ನು ಬೇರೆಯಾಗಿ ಗುರುತಿಸಲು ಮಗು ಇನ್ನೂ ಕಲಿತಿರುವುದಿಲ್ಲ.

ಆದ್ದರಿಂದ ಮಾತಿನಲ್ಲೇ ಆರಂಭಿಸಿ. ‘ಮರ’, ‘ನವಿಲು’, ‘ಅರಮನೆ’ ಎನ್ನುತ್ತ ಮಗು ಅಕ್ಷರಕ್ಕೊಂದು ಚಪ್ಪಾಳೆ ತಟ್ಟಲಿ. ಅದು ರೂಢಿಯಾದ ಮೇಲೆ ‘ಅರಮನೆಯಲ್ಲಿ ಅರ ಬಿಟ್ಟು ಹೇಳು’ ಎಂದು ಕೇಳಿ. ನಮ್ಮ ಲಿಪಿಯೂ ಮಾತನ್ನು ಅಕ್ಷರಗಳಾಗಿಯೇ ಹಿಡಿದಿಡುವುದರಿಂದ ಈ ಹಂತ ಬೇಗ ಒಲಿಯುತ್ತದೆ.

ಅಕ್ಷರದೊಳಗಿನ ವ್ಯಂಜನ ಮತ್ತು ಸ್ವರಗಳನ್ನು ಬಿಡಿಸಿ ಕೇಳುವ ಶಕ್ತಿ ಮಾತ್ರ ತಡವಾಗಿ ಬರುತ್ತದೆ. ಕನ್ನಡದ ಓದು ಕಲಿಯುವ ಮಕ್ಕಳ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಈ ಅರಿವು ನಿಧಾನವಾಗಿ ಮೂಡುವುದನ್ನೂ ಅಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ಸಾಗುವುದನ್ನೂ ತೋರಿಸಿದೆ. ಅವಸರ ಬೇಡ. ‘ಕಾಲು, ಹಾಲು, ಸಾಲು’ ಎಂದಾಗ ಮೊದಲ ವ್ಯಂಜನವಷ್ಟೇ ಬದಲಾಗುವುದನ್ನು ಕೇಳಿಸಿ. ‘ಕಾಡು’ ಹೋಗಿ ‘ಕೂಡು’ ಆದಾಗ ತಲಕಟ್ಟಿನ ಇಳಿಯ ಜಾಗಕ್ಕೆ ಕೊಂಬಿನ ಇಳಿ ಬಂದದ್ದನ್ನು ಹಲಗೆಯ ಮೇಲೆ ತೋರಿಸಿ. ಧ್ವನಿಯ ಅರಿವು ಕಾಗುಣಿತಕ್ಕೆ ನೆರವಾಗುತ್ತದೆ, ಕಾಗುಣಿತವೂ ಧ್ವನಿಯ ಅರಿವನ್ನು ಹರಿತಗೊಳಿಸುತ್ತದೆ. ಬರಿಯ ಬಾಯಿಪಾಠದಿಂದ ಈ ಎರಡೂ ಸಾಕಷ್ಟು ಬೆಳೆಯುವುದಿಲ್ಲ.

ಹೆಚ್ಚು ಸಮಯ ಕೊಡಬೇಕಾದದ್ದು ಒತ್ತಕ್ಷರಕ್ಕೆ. ಬಾಯಲ್ಲಿ ‘ಕತ್–ತೆ’ ಎಂದು ಒಡೆಯುವ ಪದ ಬರಹದಲ್ಲಿ ‘ಕ–ತ್ತೆ’ ಆಗುತ್ತದೆ. ‘ಆಸ್ತಿ’ಯಲ್ಲಂತೂ ಗುಡಿಸು ಸಕಾರದ ಮೇಲಿದ್ದರೂ ಇಕಾರ ಕೇಳಿಸುವುದು ತಕಾರದ ನಂತರ, ಇದನ್ನು ಮಗು ತಾನಾಗಿ ಊಹಿಸಲಿ ಎಂದು ಬಿಡುವುದು ನ್ಯಾಯವಲ್ಲ. ‘ಕತೆ–ಕತ್ತೆ’, ‘ಬಳಿ–ಬಳ್ಳಿ’, ‘ಹಳಿ–ಹಳ್ಳಿ’ ಜೋಡಿಗಳನ್ನು ಹೇಳಿ, ಒತ್ತು ಕೇಳಿಸಿದಾಗ ಕೈ ಎತ್ತಲು ತಿಳಿಸಿ. ಬಳಿಕ ಮಗುವೇ ‘ಕತ್ತೆ’ ಎಂದು ನಿಧಾನವಾಗಿ ಹೇಳಲಿ; ನಾಲಿಗೆಯ ತುದಿ ಮೇಲಿನ ಹಲ್ಲಿಗೆ ತಾಗಿ ಒಂದು ಕ್ಷಣ ಅಲ್ಲೇ ನಿಂತದ್ದು ಅದರ ಅನುಭವಕ್ಕೆ ಬರಬೇಕು. ಹಾಗೆ ನಿಂತಲ್ಲಿ ಒತ್ತು ಬರೆಯಬೇಕೆಂದು ಹೇಳಿಕೊಟ್ಟ ಮೇಲೆಯೇ ಬರೆಸಿ. ದಿನಕ್ಕೆ ಹತ್ತು ನಿಮಿಷ ಸಾಕು.

ಮನೆಮಾತಿನಲ್ಲಿ ‘ಹಾಲು’ ‘ಆಲು’ ಆಗುವ ಕಡೆ ಮಗುವನ್ನು ಎಲ್ಲರೆದುರು ತಿದ್ದಬೇಡಿ. ಮನೆಯಲ್ಲಿ ಹೀಗೆ, ಪುಸ್ತಕದಲ್ಲಿ ಹೀಗೆ ಎಂದು ಎರಡನ್ನೂ ಹೇಳಿ ಕೇಳಿಸಿ. ಕೆಲವು ತಿಂಗಳ ಅಭ್ಯಾಸದ ಮೇಲೂ ಜೋಡಿ ಪದಗಳು ಒಂದೇ ಎನಿಸುತ್ತಿದ್ದರೆ ಶ್ರವಣ ಪರೀಕ್ಷೆ ಮಾಡಿಸಲು ಪೋಷಕರಿಗೆ ತಿಳಿಸಬೇಕು.