ಎಂಟು ಬೈಟ್ ಆಚೀಚೆ

ಪೆರ್ಲದ ನಮ್ಮ ಮಾವನ ಮನೆಯ ಅಂಗಳದಲ್ಲಿ ಒಣಹಾಕಿದ ಅಡಿಕೆಯ ಕಾವಲಿಗೆ ಒಂದು ಹಳೆಯ ಆಂಡ್ರಾಯ್ಡ್ ಫೋನು ಕ್ಯಾಮೆರಾವಾಗಿ ಕುಳಿತಿದೆ. ಹಗಲೂ ರಾತ್ರಿ ಚಾರ್ಜರಿನಲ್ಲೇ ಇರುವುದರಿಂದ ಬ್ಯಾಟರಿ ಉಬ್ಬುವ ಭಯವಿತ್ತು. ಚಾರ್ಜ್ ನಿಲ್ಲಿಸುವ ಗುಂಡಿಯನ್ನು ಕರ್ನಲ್, ಅಂದರೆ ಫೋನಿನ ತಂತ್ರಾಂಶದ ತಿರುಳು, ಒಂದು ಫೈಲಿನ ರೂಪದಲ್ಲಿ ಇಟ್ಟಿದೆ, ಆದರೆ ಅದಕ್ಕೆ ಬರೆಯಲು ರೂಟ್ ಎಂಬ ಪೂರ್ಣಾಧಿಕಾರ ಬೇಕು. ಫೋನು ಶುರುವಾಗುವಾಗ ಮೊದಲು ಓಡುವ ಬೂಟ್‌ಲೋಡರ್‌ನ ಬೀಗ ಬಿಚ್ಚಲು ಈ ಮಾದರಿಯಲ್ಲಿ ತಯಾರಕರು ದಾರಿಯನ್ನೇ ಕೊಟ್ಟಿಲ್ಲ. ಹೀಗಾಗಿ ಕರ್ನಲ್‌ನಲ್ಲಿದ್ದ ಹಳೆಯ ಭದ್ರತಾ ತೂತನ್ನೇ ಹುಡುಕಿಕೊಂಡು ಹೋದೆ.

ಆ ತೂತಿನ ಹೆಸರು ಸಿವಿಇ-2019-2215. ಆಂಡ್ರಾಯ್ಡ್‌ನಲ್ಲಿ ಆ್ಯಪ್‌ಗಳ ನಡುವಿನ ಮಾತುಕತೆ ನಡೆಸುವ ಬೈಂಡರ್ ಎಂಬ ಚಾಲಕದಲ್ಲಿ ಅದು ಇತ್ತು. ಒಂದು ಥ್ರೆಡ್, ಅಂದರೆ ಪ್ರೋಗ್ರಾಂನೊಳಗಿನ ಕೆಲಸದ ಎಳೆ, ಮುಗಿದಾಗ ಬೈಂಡರ್ ಅದರ ಸ್ಮೃತಿಯನ್ನು ಬಿಟ್ಟುಕೊಡುತ್ತದೆ. ಆದರೆ ಘಟನೆಗಳಿಗಾಗಿ ಕಾಯುವ ಕರ್ನಲ್‌ನ ಇಪೋಲ್ ವ್ಯವಸ್ಥೆ ಅಲ್ಲಿದ್ದ ಕಾಯುವ ಸರತಿಯ ವಿಳಾಸವನ್ನು ಇನ್ನೂ ಹಿಡಿದುಕೊಂಡೇ ಇರುತ್ತದೆ. ಮುಖ್ಯ ಲಿನಕ್ಸ್‌ನಲ್ಲಿ 2018ರ ಆರಂಭದಲ್ಲೇ ಸರಿಯಾಗಿದ್ದ ಈ ದೋಷ ಎಷ್ಟೋ ಫೋನುಗಳಲ್ಲಿ ಹಾಗೆಯೇ ಉಳಿದಿತ್ತು. ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡದ ಮ್ಯಾಡಿ ಸ್ಟೋನ್ 2019ರಲ್ಲಿ ಅದನ್ನು ಬಯಲಿಗೆ ತಂದರು. ಜೊತೆಗೆ ಪ್ರಕಟವಾದ, ತೂತನ್ನು ಬಳಸಿ ತೋರಿಸುವ ಪ್ರೋಗ್ರಾಂ ಗೂಗಲ್‌ನ ಪಿಕ್ಸೆಲ್ 2 ಫೋನಿಗೆಂದೇ ಬರೆದದ್ದು. ನನ್ನ ಫೋನಿನಲ್ಲಿ ಅದನ್ನು ಓಡಿಸಿದರೆ ಪರದೆ ಸ್ತಬ್ಧವಾಗಿ, ಕಂಪನಿಯ ಲಾಂಛನ ಮತ್ತೆ ಮೂಡುತ್ತಿತ್ತು.

ಕಾರಣ ಊಹಿಸಬಹುದಾದದ್ದೇ: ಸ್ಮೃತಿಯಲ್ಲಿ ಯಾವುದು ಎಲ್ಲಿದೆ ಎಂಬ ಅದರ ಅಂಕಿಗಳೆಲ್ಲ ಪಿಕ್ಸೆಲ್ 2ರವು. ಎರಡು ತೋಟಗಳಲ್ಲೂ ಮಂಗಳ ತಳಿಯ ಅಡಿಕೆಯೇ ಇರಬಹುದು, ಆದರೆ ಈ ತೋಟದ ಐದನೇ ಸಾಲಿನ ಮೂರನೇ ಮರವೆಂದು ಕಣ್ಣುಮುಚ್ಚಿ ಪಕ್ಕದ ತೋಟದಲ್ಲಿ ನಡೆದರೆ ಬಾವಿಗೆ ಬೀಳಬಹುದು. ಅದೇ ಕಂಪನಿಯ ಇನ್ನೊಂದು ಮಾದರಿಯ ಅಂಕಿಗಳನ್ನು ತಂದು ಒಂದೊಂದಾಗಿ ಹಾಕಿ ನೋಡುವವರನ್ನು ಕಂಡಿದ್ದೇನೆ. ಅದು ಬರೀ ಜೂಜು. ಕರ್ನಲ್ ಮೂಲ ಸಂಕೇತವನ್ನು ಹಂಚಬೇಕೆನ್ನುವ ಜಿಪಿಎಲ್ ಪರವಾನಗಿಯಲ್ಲಿರುವುದರಿಂದ ಈ ಮಾದರಿಯ ಮೂಲ ಸಂಕೇತ ಪ್ರಕಟವಾಗಿತ್ತು. ಅದನ್ನು ಫೋನಿನದೇ ಸಂರಚನೆಯೊಂದಿಗೆ ಕಂಪೈಲ್ ಮಾಡಿ, ಪಾಹೋಲ್ ಎಂಬ ಉಪಕರಣದಿಂದ ಸ್ಟ್ರಕ್ಚರ್‌ಗಳ, ಅಂದರೆ ಸ್ಮೃತಿಯಲ್ಲಿನ ಮಾಹಿತಿಯ ಕಟ್ಟುಗಳ, ಒಳಅಳತೆ ತೆಗೆದೆ. ಪ್ರಕಟಿತ ಸಂಕೇತವನ್ನು ಪೂರ್ತಿ ನಂಬುವವನು ನಾನಲ್ಲ. ಆದ್ದರಿಂದ ಫರ್ಮ್‌ವೇರ್‌ನಿಂದ ಕರ್ನಲ್ ಬಿಡಿಸಿ, ಬೈಂಡರ್‌ನ ಅಸೆಂಬ್ಲಿಯಲ್ಲೂ (ಯಂತ್ರದ ಆದೇಶಗಳಲ್ಲೂ) ಅದೇ ಅಂಕಿ ಇದೆಯೇ ಎಂದು ತಾಳೆ ನೋಡಿದೆ.

ಪಿಕ್ಸೆಲ್ 2ರಲ್ಲಿ ಕಾಯುವ ಸರತಿ ಬೈಂಡರ್ ಥ್ರೆಡ್‌ನ 160ನೇ ಬೈಟ್‌ನಲ್ಲಿ ಶುರು, ನನ್ನದರಲ್ಲಿ 152ರಲ್ಲಿ. ಅಂಕಿ ತಿದ್ದಿದರೆ ಮುಗಿಯಿತು ಎನ್ನುವಂತಿರಲಿಲ್ಲ. ಬೈಂಡರ್ ಬಿಟ್ಟುಕೊಟ್ಟ ಜಾಗವನ್ನು ಈ ಪ್ರೋಗ್ರಾಂ ತನ್ನ ಮಾಹಿತಿಯಿಂದ ತುಂಬುತ್ತದೆ. ಅದಕ್ಕೆ ಬಳಸುವ ಐಒವೆಕ್ ಎಂಬ ನಮೂದುಗಳು ತಲಾ 16 ಬೈಟ್: ಮೊದಲ ಎಂಟರಲ್ಲಿ ವಿಳಾಸ, ಮುಂದಿನ ಎಂಟರಲ್ಲಿ ಉದ್ದ. 160 ಹದಿನಾರರಿಂದ ಭಾಗವಾಗುವುದರಿಂದ ಅಲ್ಲಿ ಸರತಿಯ ಮೊದಲಿಗಿರುವ ಬೀಗ (ಒಬ್ಬರು ಬಳಸುವಾಗ ಇನ್ನೊಬ್ಬರನ್ನು ತಡೆಯುವ ಗುರುತು) ವಿಳಾಸದ ಮೇಲೆ ಬೀಳುತ್ತದೆ. ಬೀಗ ತೆರೆದಿದೆ ಎಂದು ಕರ್ನಲ್‌ಗೆ ಅನಿಸಬೇಕಾದರೆ ಅಲ್ಲಿ ಸೊನ್ನೆ ಕಾಣಬೇಕು. ಮೂಲ ಕರ್ತೃಗಳು ಕೆಳಗಿನ ಅರ್ಧವೆಲ್ಲ ಸೊನ್ನೆಯಾಗಿರುವ ವಿಳಾಸವೊಂದನ್ನು ಆರಿಸಿ ಇದನ್ನು ಸಾಧಿಸಿದ್ದರು. ಏನು ಚಂದದ ಉಪಾಯ! ನನ್ನ 152ರಲ್ಲಿ ಬೀಗ ಬೀಳುವುದು ಉದ್ದದ ಮೇಲೆ, ಅಲ್ಲಿ ಆ ಉಪಾಯ ನಡೆಯದು. ನಮೂದುಗಳ ಜೋಡಣೆಯನ್ನೇ ಹೊಸದಾಗಿ ಕಾಗದದ ಮೇಲೆ ಗೆರೆ ಹಾಕಿ ಲೆಕ್ಕ ಮಾಡಬೇಕಾಯಿತು. ನನಗೆ ಇಡೀ ಕೆಲಸದಲ್ಲಿ ರುಚಿಸಿದ್ದು ಇದೇ.

ಇನ್ನೊಂದು ವ್ಯತ್ಯಾಸವೂ ಇತ್ತು. ಬಳಕೆದಾರರ ಪ್ರೋಗ್ರಾಂ ಎಲ್ಲಿಯವರೆಗೆ ಕೈ ಚಾಚಬಹುದೆಂಬ ಮಿತಿ ಪಿಕ್ಸೆಲ್ 2ರ 4.4 ಕರ್ನಲ್‌ನಲ್ಲಿ ಪ್ರೋಗ್ರಾಂನ ವಿವರವಿಡುವ ಟಾಸ್ಕ್ ಸ್ಟ್ರಕ್ಚರ್‌ನೊಳಗೇ ಇದೆ. ನನ್ನ 3.18ರಲ್ಲಿ ಅದು ಕರ್ನಲ್ ಸ್ಟ್ಯಾಕ್ ಎಂಬ ತಾತ್ಕಾಲಿಕ ಸ್ಮೃತಿಯ ತಳದಲ್ಲಿ. ಮೊದಲು ಸ್ಟ್ಯಾಕ್ ಎಲ್ಲಿದೆಯೆಂದು ತಿಳಿದೇ ಅಲ್ಲಿಗೆ ಹೋಗಬೇಕು. ಬಳಕೆದಾರ ಸಂಖ್ಯೆ ಸೊನ್ನೆ, ಅಂದರೆ ರೂಟ್, ಆದ ಮೇಲೂ ಎಸ್‌ಇಲಿನಕ್ಸ್ ಎಂಬ ಭದ್ರತಾ ಕಾವಲು ಬಾಗಿಲಲ್ಲಿ ನಿಂತಿತ್ತು, ಅದನ್ನೂ ಸರಿಪಡಿಸಿದೆ.

"ಇಷ್ಟೆಲ್ಲ ಮಾಡುವ ಬದಲು ಸ್ವಿಚ್ ಆರಿಸಿದರೆ ಸಾಲದೇ?" ಎಂದು ಮಾವ ಕೇಳಿದರು. ಸಾಲುತ್ತದೆ, ನೆನಪಿದ್ದರೆ.

ಈಗ ಒಂದು ಸಣ್ಣ ಸ್ಕ್ರಿಪ್ಟ್ ಶೇಕಡಾ 80ಕ್ಕೆ ಚಾರ್ಜ್ ನಿಲ್ಲಿಸಿ, 60ಕ್ಕೆ ಇಳಿದಾಗ ಮತ್ತೆ ಶುರುಮಾಡುತ್ತದೆ. ಫೋನು ಮರುಚಾಲನೆಯಾದರೆ ರೂಟ್ ಹೋಗುತ್ತದೆ, ಮತ್ತೆ ಓಡಿಸಬೇಕು. ಬ್ಯಾಟರಿ ಇರುವುದರಿಂದ ಮಳೆಗಾಲದ ಕರೆಂಟ್ ಕಡಿತಕ್ಕೆ ಅದು ಆರುವುದಿಲ್ಲ. ನನಗೆ ತೆರೆದ ತೂತು ಬೇರೆಯವರಿಗೂ ತೆರೆದೇ ಇರುವುದರಿಂದ ಸಿಮ್ ಮತ್ತು ಖಾತೆಗಳನ್ನೆಲ್ಲ ತೆಗೆದು, ಮನೆಯ ವೈಫೈಯಿಂದ ಹೊರಗೆ ಹೋಗದಂತೆ ರೂಟರಿನಲ್ಲಿ ತಡೆದಿದ್ದೇನೆ. ಬ್ಯಾಂಕಿನ ಆ್ಯಪ್ ಇರುವ ಫೋನಿನಲ್ಲಿ ಇದನ್ನು ಮಾಡಲಾರೆ. ಭದ್ರತಾ ಪ್ಯಾಚ್‌ನ ದಿನಾಂಕ 2019ರ ಅಕ್ಟೋಬರ್ 6 ಅಥವಾ ಅನಂತರದ್ದಾಗಿದ್ದರೆ ಈ ದಾರಿ ಹೇಗೂ ಮುಚ್ಚಿರುತ್ತದೆ.