ಅತ್ತೆ ಒತ್ತಕ್ಷರ ಬಿಟ್ಟ ವಾರ

ಪದಬಂಧದಲ್ಲಿ ‘ಹಸುಗಳನ್ನು ಕಟ್ಟುವ ಜಾಗ’ಕ್ಕೆ ಅತ್ತೆ ‘ಕೊಟಿಗೆ’ ಎಂದು ಬರೆದಿದ್ದನ್ನು ನಾನು ಮಂಗಳವಾರವೇ ನೋಡಿದ್ದೆ. ನೋಡಿ, ಕನ್ನಡಕ ಬದಲಿಸುವ ಕಾಲ ಬಂತು ಎಂದುಕೊಂಡು ಪತ್ರಿಕೆಯನ್ನು ಮಡಿಸಿ ರದ್ದಿಯ ಮೇಲಿಟ್ಟೆ. ನಮ್ಮ ಅತ್ತೆಗೆ ಎಪ್ಪತ್ತಾರು ವರ್ಷ. ಕನ್ನಡ ಮೇಷ್ಟ್ರ ಮಗಳು. ಪದಬಂಧಕ್ಕೆ ಪೆನ್ಸಿಲ್ ಮುಟ್ಟುವವರಲ್ಲ; ಮೊದಲ ಚೌಕದಿಂದಲೇ ಶಾಯಿ ಪೆನ್ನು. ಅಂಗಡಿಯ ಫಲಕದಲ್ಲಿ ಒಂದು ಒತ್ತು ತಪ್ಪಿದ್ದರೆ ಓಡುವ ಆಟೋದಿಂದಲೇ ಓದಿ, ಮನೆ ಸೇರುವವರೆಗೂ ಬೈಯುತ್ತಾರೆ. ಅಂಥವರು ಒತ್ತು ಬಿಟ್ಟು ಬರೆದರು, ನಾನು ಕಣ್ಣಿನ ಡಾಕ್ಟರರ ಬಗ್ಗೆ ಯೋಚಿಸಿದೆ.

ನಾವಿರುವುದು ಮೈಸೂರಿನಲ್ಲಿ. ಅತ್ತೆ, ಇವರು, ನಾನು, ಸಿಇಟಿಗೆ ಓದುತ್ತಿರುವ ಮಗಳು. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಏಪ್ರಿಲ್ ರಜೆ ಬಂತೆಂದರೆ ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಿರುತ್ತೇನೆ. ಕೊರಳಿಗೆ ಬೈನಾಕ್ಯುಲರ್, ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್. ಯಾವ ಹಕ್ಕಿ, ಎಷ್ಟು, ಎಷ್ಟು ಗಂಟೆಗೆ ಎಂದು ಬರೆಯುವುದು ನನ್ನ ಚಟ. ಅದೇ ಪುಸ್ತಕದ ಅಂಚಿನಲ್ಲಿ ಮನೆಯ ಸಂಗತಿಗಳೂ ಸೇರಿಕೊಳ್ಳುತ್ತವೆ: ಗ್ಯಾಸ್ ಬಂತು, ಹಾಲಿನವನಿಗೆ ದುಡ್ಡು ಕೊಟ್ಟೆ, ಅತ್ತೆ ಊಟ ಬಿಟ್ಟರು. ಈ ಅಂಚಿನ ಬರಹ ಒಂದು ದಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಆ ಭಾನುವಾರ ಮನೆಮಂದಿಯೆಲ್ಲ ಕೆರೆಗೆ ಹೋಗಿದ್ದೆವು. ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳ ಸಂಸಾರ ಜೋರಾಗಿತ್ತು. ಮರಿಯೊಂದು ತಾಯಿಯ ಗಂಟಲ ಚೀಲದೊಳಗೆ ತಲೆಯನ್ನೇ ತೂರಿಸಿ ಮೀನು ತಿನ್ನುತ್ತಿತ್ತು. ಬೈನಾಕ್ಯುಲರಿನಲ್ಲಿ ನೋಡಿದ ಅತ್ತೆ, “ನಿನ್ನ ಗಂಡನೂ ಹೀಗೇ ಸಾರಿನ ಪಾತ್ರೆಗೇ ತಲೆ ಹಾಕುತ್ತಿದ್ದ” ಎಂದು ನಕ್ಕರು. ವಾಪಸು ಬರುವಾಗ ಮಾತ್ರ ತಲೆ ಭಾರ ಎಂದರು. ಬಿಸಿಲು ಎಂದೆ ನಾನು. ನೀರು ಕುಡಿಯಿರಿ ಎಂದೂ ಹೇಳಿದೆ.

ಈ ನೀರಿನ ವಿಷಯವನ್ನು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ. ಬೇಸಿಗೆ ಶುರುವಾದಾಗಿನಿಂದ ಬೆಳಿಗ್ಗೆ ಒಂದೊಂದು ಲೀಟರಿನ ಮೂರು ಬಾಟಲಿ ತುಂಬಿ ಅವರ ಮಂಚದ ಪಕ್ಕ ಇಡುವುದು, ಸಂಜೆ ಖಾಲಿಯಾಗಿದೆಯೇ ಎಂದು ಪರೀಕ್ಷಕಿಯಂತೆ ನೋಡುವುದು ನನ್ನ ಕೆಲಸವಾಗಿತ್ತು. ಅದರ ಮೇಲೆ ಮಜ್ಜಿಗೆ, ಕಾಫಿ, ಎಳನೀರು ಬೇರೆ. ಇನ್ನೊಂದು ಕಡೆ, ಮೂರು ವಾರದ ಹಿಂದೆ ರಕ್ತದೊತ್ತಡ ಸ್ವಲ್ಪ ಏರಿದೆ ಎಂದು ಮಾತ್ರೆ ಬದಲಾಗಿತ್ತು, ಉಪ್ಪು ಕಡಿಮೆ ಮಾಡಿ ಎಂಬ ಸಲಹೆಯೂ ಬಂದಿತ್ತು. ಅತ್ತೆ ಅರೆಬರೆ ಕೆಲಸ ಮಾಡುವವರಲ್ಲ. ಕಡಿಮೆ ಮಾಡಿ ಎಂದದ್ದು ಅವರ ಕಿವಿಗೆ ಬಿಡಿ ಎಂದೇ ಕೇಳಿಸಿತು. ಮೊಸರನ್ನ ಸಪ್ಪೆ, ಗಂಜಿ ಸಪ್ಪೆ, ಉಪ್ಪಿನಕಾಯಿ ಬಂದ್.

ಸೋಮವಾರ ಅರ್ಧ ಚಪಾತಿ ಬಿಟ್ಟು ಎದ್ದರು. ಬುಧವಾರ ಮಧ್ಯಾಹ್ನ ಮೊಮ್ಮಗಳ ಜೊತೆ ಚೌಕಾಬಾರ ಆಡುವಾಗ ಬಾರ ಬಿತ್ತು. ಬಾರ ಬಿದ್ದರೆ ಎಂಟು ಮನೆ ನಡೆಸಿ ಇನ್ನೊಮ್ಮೆ ಕವಡೆ ಹಾಕಬೇಕು. ಅವರು ಕಾಯಿ ನಡೆಸಿ ಕವಡೆಗಳನ್ನು ಮಗಳ ಕಡೆಗೆ ತಳ್ಳಿಬಿಟ್ಟರು. “ಅಜ್ಜಿ, ನಿಮಗೆ ಇನ್ನೊಂದು ಆಟ ಇದೆ” ಎಂದರೆ, “ಸಾಕು, ನೀನೇ ಆಡು” ಎಂದರಂತೆ. ಅಜ್ಜಿ ಯಾರಿಗೂ ಒಂದು ಆಟ ಬಿಟ್ಟುಕೊಟ್ಟ ಇತಿಹಾಸವಿಲ್ಲ. ಮಗಳು ಅದನ್ನು ಪ್ರೀತಿ ಎಂದುಕೊಂಡಳು.

ನಾನು ಅದನ್ನು ಕೋಪ ಎಂದುಕೊಂಡೆ. ಕಾರಣವೂ ಇತ್ತು. ಈ ವರ್ಷ ಮಾವಿನಮಿಡಿಯನ್ನು ನಾನು ಅವರನ್ನು ಕೇಳದೆ ತಂದಿದ್ದೆ, ಅದರಲ್ಲಿ ಕಾಲು ಭಾಗ ತೊಟ್ಟು ಮುರಿದದ್ದು. ಇಪ್ಪತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದವರಿಗೆ ಇಂಥ ಮುನಿಸಿನ ಋತುಮಾನ ಗೊತ್ತಿರುತ್ತದೆ: ಊಟ ಬಿಡುವುದು, ಕರೆದರೆ ಒಂದು ಹೊತ್ತು ಬಿಟ್ಟು ಓಗೊಡುವುದು, ಮುಖ ಗೋಡೆಯ ಕಡೆ ಮಾಡಿ ಮಲಗುವುದು. ಗುರುವಾರ ಅವರು ಇದೆಲ್ಲವನ್ನೂ ಮಾಡಿದರು. ನಾನೂ ಬಿಗಿದುಕೊಂಡೆ. ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, ಇಳಿದವರ ಲಕ್ಷಣಕ್ಕೂ ಅತ್ತೆಯ ಮುನಿಸಿಗೂ ಹೊರನೋಟಕ್ಕೆ ಇರುವ ವ್ಯತ್ಯಾಸ ಬಹಳ ಕಡಿಮೆ.

ಶುಕ್ರವಾರ ಸಂಡಿಗೆಯ ದಿನ. ಬೆಳಿಗ್ಗೆ ಐದಕ್ಕೇ ದೊಡ್ಡ ಪಾತ್ರೆಯಲ್ಲಿ ಎಸರಿಟ್ಟು, ಅಕ್ಕಿಹಿಟ್ಟು ಸುರಿದು ಗೊಟಾಯಿಸುವುದು ನನ್ನ ಪಾಲು. ಉಪ್ಪು, ಇಂಗು, ಅರೆದ ಹಸಿಮೆಣಸಿನಕಾಯಿಯ ಹದ ಅತ್ತೆಯದು. ಅವರ ಮುಖ್ಯ ಸೂತ್ರ ಒಂದೇ: ಹಿಟ್ಟಿನಲ್ಲಿ ಉಪ್ಪು ಸ್ವಲ್ಪ ಕಮ್ಮಿ ಎನಿಸಬೇಕು, ಒಣಗಿದ ಮೇಲೆ ಅದು ಎದ್ದು ಬರುತ್ತದೆ. ಆ ದಿನ ಅವರು ಒಂದು ಹಿಡಿ ಹಾಕಿ ತಿರುವಿದರು. ಇಂಗಿನ ನೀರು ಹಾಕಿದರು. ಆಮೇಲೆ ಉಪ್ಪಿನ ಭರಣಿಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು ಇನ್ನೊಂದು ಹಿಡಿ ಹಾಕಿದರು. “ಅತ್ತೆ, ಆಗಲೇ ಹಾಕಿದಿರಲ್ಲ” ಎಂದೆ. ನನ್ನ ಕಡೆ ನೋಡಿದರು. ರೇಗಲಿಲ್ಲ, ಅದೇ ವಿಚಿತ್ರ. “ಹೌದಾ?” ಎಂದು ಕೈಯಲ್ಲಿ ಅಂಟಿದ ಉಪ್ಪನ್ನೇ ನೋಡುತ್ತಾ ನಿಂತರು. ಮುನಿಸಿನಲ್ಲಿರುವ ಅತ್ತೆ ನನ್ನ ತಿದ್ದುಪಡಿಯನ್ನು ಒಪ್ಪಿಕೊಳ್ಳುತ್ತಾರೆಯೇ? ಆಗ ನನ್ನ ಹೊಟ್ಟೆಯೊಳಗೆ ಏನೋ ಕದಲಿತು. ಆದರೆ ಬಿಸಿಲು ಏರುತ್ತಿತ್ತು, ಹಿಟ್ಟು ಆರುತ್ತಿತ್ತು. ಒರಳು ಹಿಡಿದು ತಾರಸಿಗೆ ಹೋದೆ, ಹಳೆಯ ಪಂಚೆಗಳ ಮೇಲೆ ನಾಲ್ಕು ಸಾಲು ಒತ್ತಿ ಬಂದೆ. ರಾತ್ರಿ ಅವರು ಎರಡು ಸಲ ವಾಂತಿ ಮಾಡಿದರು. ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ: ‘9.15, 11.40, ವಾಂತಿ. ಪಿತ್ತ?’

ಶನಿವಾರ ಬೆಳಿಗ್ಗೆ 6.40ಕ್ಕೆ ಅಡುಗೆಮನೆಯ ಒಲೆಯ ಮುಂದೆ ಲೈಟರ್ ಹಿಡಿದು ನಿಂತಿದ್ದರು. ಅದನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಮಗಳನ್ನು ತೀರಿಹೋದ ತಮ್ಮ ತಂಗಿಯ ಹೆಸರಿನಿಂದ ಕರೆದರು. ಎರಡು ಹೆಜ್ಜೆ ಇಟ್ಟು ಗೋಡೆ ಹಿಡಿದುಕೊಂಡರು.

ಲಕ್ವ ಎಂದೇ ನಾವೆಲ್ಲ ತಿಳಿದದ್ದು. ಇವರ ಕೈ ನಡುಗುತ್ತಿತ್ತು. ಶಾಲೆಯಲ್ಲಿ ಒಮ್ಮೆ ಪ್ರಥಮ ಚಿಕಿತ್ಸೆಯ ತರಬೇತಿ ಆಗಿದ್ದರಿಂದ ನನಗೆ ಮೂರು ವಿಷಯ ನೆನಪಿತ್ತು: ನಗಿಸಿ ಬಾಯಿ ಸೊಟ್ಟಗಾಗುತ್ತದೆಯೇ ನೋಡು, ಎರಡೂ ಕೈ ಎತ್ತಿಸಿ ಒಂದು ಜಾರುತ್ತದೆಯೇ ನೋಡು, ಒಂದು ವಾಕ್ಯ ಹೇಳಿಸಿ ನಾಲಿಗೆ ತೊಡರುತ್ತದೆಯೇ ನೋಡು. ಬಾಯಿ ನೆಟ್ಟಗಿತ್ತು, ಕೈ ಎರಡೂ ನಿಂತವು, ಮಾತು ನಿಧಾನವಾಗಿತ್ತೇ ಹೊರತು ತೊದಲಿರಲಿಲ್ಲ. ಆದರೂ ಲಕ್ವ ಅಲ್ಲ ಎಂದು ಮನೆಯಲ್ಲಿ ಕುಳಿತು ತೀರ್ಮಾನಿಸುವ ಹಾಗಿಲ್ಲ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿಗೆ ಸಿಗುವ ಅವಧಿ ನಾಲ್ಕೂವರೆ ಗಂಟೆ ಮಾತ್ರ. ಇವರ ಗ್ಲುಕೋಮೀಟರಿನಲ್ಲಿ ಸಕ್ಕರೆ ನೋಡಿದೆ, 126. ಸಕ್ಕರೆ ಇಳಿದು ಹೀಗಾಗಿಲ್ಲ ಎಂದಾಯಿತು. ಸದ್ದು ಕೇಳಿ ಬಂದ ಪಕ್ಕದ ಮನೆಯವರು, ಸುಸ್ತಾಗಿದ್ದಾರೆ, ಬಾಯಿಗೆ ಸ್ವಲ್ಪ ಉಪ್ಪುನೀರು ಬಿಡಿ ಎಂದರು. ಅವರ ಊಹೆ ಎಷ್ಟು ಹತ್ತಿರವಿತ್ತೆಂದು ಆಮೇಲೆ ಗೊತ್ತಾಯಿತು. ಆದರೆ ಮಂಪರಿನಲ್ಲಿ ಇರುವವರ ಬಾಯಿಗೆ ನೀರು ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಏನೂ ಕೊಡದೆ ಹೊರಟೆವು. ಮಾತ್ರೆಯ ಡಬ್ಬಿಯನ್ನು ಇಡಿಯಾಗಿ ಚೀಲಕ್ಕೆ ಸುರಿದುಕೊಂಡೆ, ನೋಟ್‌ಬುಕ್ ಹೇಗೂ ಅದರಲ್ಲೇ ಇತ್ತು.

ತುರ್ತು ಚಿಕಿತ್ಸಾ ಘಟಕದಲ್ಲಿ ಮೊದಲು ಸಿ.ಟಿ. ಸ್ಕ್ಯಾನ್ ಆಯಿತು. ರಕ್ತಸ್ರಾವ ಇಲ್ಲ. ಆಮೇಲೆ ಬಂದ ಯುವ ವೈದ್ಯೆ ಕೇಳಿದ ಪ್ರಶ್ನೆ: “ಇವರು ಸರಿಯಾಗಿ ಇದ್ದದ್ದನ್ನು ಕೊನೆಯದಾಗಿ ಯಾವಾಗ ನೋಡಿದಿರಿ?” ನಿನ್ನೆ ರಾತ್ರಿ ಎಂದರು ಇವರು. ನಾನು ನೋಟ್‌ಬುಕ್ ತೆಗೆದೆ. ಹೆಜ್ಜಾರ್ಲೆ, ನೀರುಕಾಗೆ, ಗುಳುಮುಳುಕಗಳ ಲೆಕ್ಕದ ಅಂಚಿನಿಂದ ಒಂದೊಂದೇ ಓದಿದೆ: ಭಾನುವಾರ ತಲೆ ಭಾರ, ಸೋಮವಾರ ಅರ್ಧ ಚಪಾತಿ, ಗುರುವಾರ ಹಗಲೆಲ್ಲ ನಿದ್ದೆ, ಶುಕ್ರವಾರ ಉಪ್ಪು ಎರಡು ಸಲ, ವಾಂತಿ. ಬರೆಯದೆ ಇದ್ದ ಒತ್ತಕ್ಷರವನ್ನೂ ಕವಡೆಯನ್ನೂ ಸೇರಿಸಿದೆ. ಆಕೆ ನಗಲಿಲ್ಲ. ಮಾತ್ರೆಯ ಪಟ್ಟಿಗಳನ್ನು ಮೇಜಿನ ಮೇಲೆ ಹರಡಿ, ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟರು. ಒಂದೇ ಬಣ್ಣ, ಒಂದೇ ಹೆಸರು. ಹೊಸದರ ಕೊನೆಯಲ್ಲಿ ಮಾತ್ರ ‘ಎಚ್’ ಎಂಬ ಒಂದಕ್ಷರ ಹೆಚ್ಚಿಗೆ.

ಆ ಎಚ್ ಎಂದರೆ ಹೈಡ್ರೋಕ್ಲೋರೋಥಯಜೈಡ್. ಮೂತ್ರದ ಮೂಲಕ ಉಪ್ಪನ್ನೂ ನೀರನ್ನೂ ಹೊರಹಾಕಿ ರಕ್ತದೊತ್ತಡ ಇಳಿಸುವ, ಹಳೆಯ, ಅಗ್ಗದ, ಲಕ್ಷಾಂತರ ಜನಕ್ಕೆ ಒಗ್ಗಿರುವ ಔಷಧಿ. ಕೆಲವರಿಗೆ, ಅದರಲ್ಲೂ ತೆಳ್ಳನೆಯ ವಯಸ್ಸಾದ ಹೆಂಗಸರಿಗೆ, ಶುರು ಮಾಡಿದ ಕೆಲವೇ ವಾರಗಳಲ್ಲಿ ರಕ್ತದ ಸೋಡಿಯಂ ಇಳಿಸಿಬಿಡುತ್ತದೆ. ಅತ್ತೆಯ ತೂಕ ನಲವತ್ತನಾಲ್ಕು ಕಿಲೋ. ಊಟದಲ್ಲಿ ಉಪ್ಪಿಲ್ಲ, ಹೊಟ್ಟೆಗೆ ಸರಿಯಾದ ಊಟವೇ ಇಲ್ಲ, ಮೇಲಿಂದ ಸೊಸೆ ತುಂಬಿಟ್ಟ ಮೂರು ಬಾಟಲಿ ನೀರು. ರಕ್ತದ ವರದಿ ಬಂದಾಗ ಸೋಡಿಯಂ 115. ಇರಬೇಕಾದದ್ದು ಲೀಟರಿಗೆ 135ರಿಂದ 145 ಮಿಲಿಮೋಲ್. ರಕ್ತ ಹೀಗೆ ತೆಳುವಾದಾಗ ನೀರು ಮಿದುಳಿನ ಜೀವಕೋಶಗಳೊಳಗೆ ನುಗ್ಗಿ ಅವು ಊದಿಕೊಳ್ಳುತ್ತವೆ. ಮರೆವು, ಮಂಪರು, ವಾಂತಿ, ತೂರಾಡುವ ನಡಿಗೆ ಎಲ್ಲ ಅದರಿಂದಲೇ. ಇನ್ನೂ ಇಳಿದರೆ ಫಿಟ್ಸ್.

ಹಾಗಾದರೆ ಬೇಗ ಉಪ್ಪು ಏರಿಸಿ ಎಂದು ಇವರು ಅವಸರಪಟ್ಟರು. ವೈದ್ಯೆಯ ಚಿಂತೆ ತಿರುಗುಮುರುಗಾಗಿತ್ತು. ದಿನಗಟ್ಟಲೆ ನಿಧಾನವಾಗಿ ಇಳಿದದ್ದನ್ನು ಒಮ್ಮೆಗೇ ಏರಿಸಿದರೆ ಮಿದುಳಿನ ಕಾಂಡದಲ್ಲಿ ನರಗಳ ಮೇಲಿನ ಹೊದಿಕೆ ಹಾಳಾಗಬಹುದು, ಆ ಹಾನಿ ಕೆಲವೊಮ್ಮೆ ಉಳಿದೇಬಿಡುತ್ತದೆ. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಎಂಟಕ್ಕಿಂತ ಹೆಚ್ಚು ಏರಲು ಬಿಡುವುದಿಲ್ಲ ಎಂದರು. ಮಾತ್ರೆ ನಿಲ್ಲಿಸಿದ ಮೇಲೆ ದೇಹವೇ ನೀರನ್ನು ಸರಸರನೆ ಹೊರಹಾಕತೊಡಗುತ್ತದೆಯಂತೆ, ಅದಕ್ಕಾಗಿ ಮೂತ್ರದ ಲೆಕ್ಕ ಗಂಟೆಗಂಟೆಗೂ. ಸಾಮಾನ್ಯ ಸಲೈನ್‌ಗಿಂತ ಮೂರು ಪಟ್ಟಿಗೂ ಹೆಚ್ಚು ಉಪ್ಪಿರುವ ಶೇ 3ರ ಸಲೈನ್ ಅನ್ನು ಚೂರು ಚೂರೇ ಕೊಟ್ಟು, ಆರು ಗಂಟೆಗೊಮ್ಮೆ ರಕ್ತ ಪರೀಕ್ಷೆ. ಸಂಡಿಗೆ ಹಿಟ್ಟಿಗೂ ಇಷ್ಟು ಜೋಪಾನವಾಗಿ ಉಪ್ಪು ಹಾಕುವವರನ್ನು ನಾನು ಕಂಡಿರಲಿಲ್ಲ.

ಐಸಿಯು ಹೊರಗಿನ ಕುರ್ಚಿಯಲ್ಲಿ ಕುಳಿತು, ಹಕ್ಕಿಗಳ ಎದುರು ಪುಟದಲ್ಲಿ ಹೊಸ ಕಾಲಂ ಎಳೆದೆ. ಶನಿವಾರ ಬೆಳಿಗ್ಗೆ 9.30, 115. ಮಧ್ಯಾಹ್ನ 3.30, 118. ರಾತ್ರಿ 9.30, 120. ಭಾನುವಾರ ಬೆಳಿಗ್ಗೆ, 122. ಎಡಗಡೆ ‘ಹೆಜ್ಜಾರ್ಲೆ 118’ ಎಂದಿತ್ತು. ಅಂಕಿ ನೋಡಿ ನಗು ಬಂತು, ಆಮೇಲೆ ಅಳು ಬಂತು. ಇವರು ಕಾಫಿ ತಂದುಕೊಟ್ಟು ಏನೂ ಹೇಳದೆ ಪಕ್ಕ ಕುಳಿತರು. ನೀನೇ ಬಾಟಲಿ ತುಂಬಿಟ್ಟದ್ದು ಎಂದು ಅವರು ಅನ್ನಲಿಲ್ಲ. ಮಾತ್ರೆ ಬರೆದಾಗ ಜೊತೆಗೆ ಹೋಗಿದ್ದವರು ನೀವು ಎಂದು ನಾನೂ ಅನ್ನಲಿಲ್ಲ.

ಆ ಮಾತ್ರೆ ಬರೆದದ್ದೇ ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಎರಡು ವಾರ ಬಿಟ್ಟು ಸೋಡಿಯಂ ಒಮ್ಮೆ ನೋಡಿಸಿ ಎಂದು ಯಾರಾದರೂ ಹೇಳಿದ್ದರೆ, ಅಥವಾ ನಾವಾದರೂ ಕೇಳಿದ್ದರೆ ಎಂಬ ಕೊರಗು ಮಾತ್ರ ಇದೆ.

ಭಾನುವಾರ ಒಳಗೆ ಬಿಟ್ಟಾಗ ಅತ್ತೆ ಕಣ್ಣು ತೆರೆದು, “ಮಳೆ ಬರುತ್ತದೆ, ತಾರಸಿಯಿಂದ ತೆಗೆದೆಯಾ?” ಎಂದರು. ಇನ್ನೂ ಮಂಪರು ಎಂದುಕೊಂಡೆ. ಆಮೇಲೆ ಹೊಳೆಯಿತು, ಇದು ಮಂಪರಲ್ಲ. ಸಂಡಿಗೆ ಎರಡು ದಿನದಿಂದ ತಾರಸಿಯ ಮೇಲೆಯೇ ಇತ್ತು. ಮಗಳಿಗೆ ಫೋನ್ ಮಾಡಿದೆ. ಅವಳು ಪಂಚೆ ಸಮೇತ ಸುತ್ತಿ ಒಳಗೆ ತಂದ ಅರ್ಧ ಗಂಟೆಗೆ ಗುಡುಗು ಸಹಿತ ಮಳೆ ಬಂತಂತೆ.

ಸೋಮವಾರ 127, ಮಂಗಳವಾರ 131. ಮಂಗಳವಾರ ವಾರ್ಡಿಗೆ ಬದಲಾಯಿಸಿದ ಮೇಲೆ ಪತ್ರಿಕೆ ಕೇಳಿದರು. ಮಗಳು ಚೀಲದಿಂದ ಆ ದಿನದ್ದರ ಜೊತೆಗೆ ರದ್ದಿಯಲ್ಲಿದ್ದ ಹಿಂದಿನ ವಾರದ್ದನ್ನೂ ತೆಗೆದುಕೊಟ್ಟಳು. ವೈದ್ಯೆಗೆ ತೋರಿಸೋಣ ಎಂದು ನಾನೇ ತರಿಸಿದ್ದೆ. ಅತ್ತೆ ಕನ್ನಡಕ ಏರಿಸಿಕೊಂಡು ಅಡ್ಡಸಾಲು, ಉದ್ದಸಾಲು ನೋಡಿದರು. ಚೌಕ ಮೀರಿ ಓಡಿದ ಅಕ್ಷರಗಳನ್ನು, ‘ಕೊಟಿಗೆ’ಯನ್ನು, ಖಾಲಿ ಬಿಟ್ಟ ಅರ್ಧ ಪದಬಂಧವನ್ನು.

“ಇದನ್ನು ಯಾರು ತುಂಬಿದ್ದು?” ಎಂದರು.

ಮಗಳು ನನ್ನನ್ನು ನೋಡಿದಳು.

“ನಾನೇ ಅತ್ತೆ” ಎಂದೆ.

“ಗಣಿತದವಳು ಗಣಿತ ನೋಡಿಕೊಳ್ಳಬೇಕು” ಎಂದು ಪೆನ್ನಿಗೆ ಕೈಚಾಚಿದರು. ಸಲೈನಿನ ಸೂಜಿ ಇದ್ದ ಕೈಯಲ್ಲೇ, ‘ಟಿ’ಯ ಕೆಳಗೆ ಒತ್ತು ಕೊಟ್ಟರು.

ಗುರುವಾರ ಮನೆಗೆ ಬಂದೆವು. ಎಚ್ ಇಲ್ಲದ ಹಳೆಯ ಮಾತ್ರೆಯ ಜೊತೆಗೆ ಬೇರೊಂದು ಮಾತ್ರೆ, ಕೆಲವು ವಾರದ ಮಟ್ಟಿಗೆ ದಿನಕ್ಕೆ ಒಂದೂಕಾಲು ಲೀಟರ್ ನೀರು, ಊಟಕ್ಕೆ ಹದವಾದ ಉಪ್ಪು. ವಾರ ಬಿಟ್ಟು ಮಾಡಿಸಿದ ಪರೀಕ್ಷೆಯಲ್ಲಿ ಸೋಡಿಯಂ 136. ಆ ದಿನ ಖುಷಿಗೆ ಸಂಡಿಗೆ ಕರಿದೆ. ಅತ್ತೆ ಒಂದು ಚೂರು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದರು.

“ಉಪ್ಪು ಎರಡು ಸಲ ಹಾಕಿದ್ದೀಯ.”

ಅದನ್ನು ಮಾತ್ರ ನಾನು ಒಪ್ಪಿಕೊಳ್ಳಲಿಲ್ಲ.